ಧಣಿಗಳ ಕಡದ ಪುಸ್ತಕ ಓದ್ಲಿಕ್ಕೆ ಜನ ಬೇಕು

ತೋಟದಮನೆ:
ಕಾಸರಗೋಡಿನ ಬದಿಯಡ್ಕ ಪೆರ್ಲ ಕಡೆಯವರಿಗೆ ಇಷ್ಟೊತ್ತಿಗೆ ವಾಟ್ಸಾಪಲ್ಲಿ ಗೊತ್ತಾಗಿರ್ಬಹುದು, ದೂರ ಇರುವವರಿಗೆ ಬೇಕಾಗಿ ಬರೀತಿದ್ದೇನೆ. ನಮ್ಮ ಪೇಟೆಯ ಅಡಿಕೆ ಧಣಿಗಳು ಹೋದ್ರು. ಹೆಸರು ಹಾಕುದಿಲ್ಲ, ಮನೆಯವರು ಬೇಡ ಹೇಳಿದ್ದಾರೆ, ಮತ್ತೆ ಹೆಸರು ಹಾಕಿದ್ರೆ ಅರ್ಧ ಜನಕ್ಕೆ ಗೊತ್ತೂ ಆಗ್ಲಿಕ್ಕಿಲ್ಲ, ಬಸ್ಸಿನ ಕಂಡಕ್ಟರು ಕೂಡ "ಧಣಿ ಅಂಗಡಿ ಇಳಿಯುವವರು" ಅಂತಲೇ ಕೂಗುದು.

ಗುರುವಾರ ಸಂಜೆವರೆಗೆ ಅಂಗಡಿಯಲ್ಲಿ ಕೂತಿದ್ರು. ರಾತ್ರಿ ಊಟ ಆದ ಮೇಲೆ ಎದೆ ಹತ್ರ ಎಂತದೋ ಹಿಡಿದ ಹಾಗೆ ಆಗ್ತದೆ ಅಂದ್ರಂತೆ, ಗ್ಯಾಸ್ ಅಂತ ಹೇಳಿ ಜೀರಿಗೆ ನೀರು ಕುಡಿದು ಮಲಗಿದ್ರು. ನಮ್ಮಲ್ಲಿ ಗಂಡಸರಿಗೆ ಬರುವ ಎದೆನೋವೆಲ್ಲ ಮೊದಲು ಗ್ಯಾಸೇ ಅಲ್ವಾ. ಮೂರೂವರೆಗೆ ಆಂಬುಲೆನ್ಸು ಬಂತು. ಕುಂಬಳೆಗೆ ಇಳಿದು ಹೈವೇ ಹಿಡಿದು ಮಂಗಳೂರಿಗೆ ಅಂತ ಹೊರಟದ್ದು, ಉಪ್ಪಳ ದಾಟುವಾಗ ಮುಗೀತು. ಗಡಿಯ ತಲಪಾಡಿ ಮುಟ್ಲಿಲ್ಲ.

ಈಗ ವಿಷಯ ಎಂತ ಅಂದ್ರೆ, ಅವರ ಮೊಮ್ಮಗ ನಿನ್ನೆ ಸಿಕ್ಕಿದ. ಅಂಗಡಿಯಲ್ಲಿ ಕೆಂಪು ಬಟ್ಟೆ ರಟ್ಟಿನ ಉದ್ದ ಪುಸ್ತಕಗಳು ಹನ್ನೊಂದು ಉಂಟು, ಎಲ್ಲ ಕಡದ ಲೆಕ್ಕ. ಅವನಿಗೆ ಓದ್ಲಿಕ್ಕೆ ಬರುದಿಲ್ಲ. ಧಣಿಗಳ ಕನ್ನಡ ಕೈಬರಹ, ಅಂಕೆಗಳೂ ಕನ್ನಡದ್ದು, ತಿಂಗಳು ಆಟಿ ಸೋಣ ಅಂತ ತುಳು ಲೆಕ್ಕದಲ್ಲಿ. ಬೊಜ್ಜ (ಉತ್ತರಕ್ರಿಯೆ) ಆದ ಮೇಲೆ ಒಂದು ವಾರ ಅಂಗಡಿ ತೆರೆದಿಡ್ತೇನೆ, ಅವರವರ ಪುಟ ಅವರವರೇ ಬಂದು ಓದಿ ಹೇಳಿದ್ರೆ ಉಪಕಾರ ಆಗ್ತಿತ್ತು ಅಂದ. ಸಾಲ ಇರುವವರೇ ಬಂದು ಸಾಲ ಓದಿ ಹೇಳುದು ಅಂದ್ರೆ ಮಾರಾಯ್ರೆ, ನಾನು ಹೂಂ ಅಂದೆ, ಮನಸ್ಸಲ್ಲಿ ನಗು ಬಂತು.

ಅಡ್ಕಸ್ಥಳ ಬಸ್ಸು:
ಓಂ ಶಾಂತಿ. ಹೋದ ತಿಂಗಳು ಕೂಡ ಮಾತಾಡಿದ್ದೆ, ಬಸ್ಸು ಲೇಟ್ ಆದ್ರೆ ಅವರ ಬೆಂಚಲ್ಲೇ ಕೂರುದು ನಾವೆಲ್ಲ.

ಬೆಂಗ್ಳೂರು ಸೇರಿದವ:
ನೋಡಿ ಇದೇ ಕಾಸರಗೋಡು ಕನ್ನಡದ ಸ್ಥಿತಿ. ಅಜ್ಜನ ಪುಸ್ತಕ ಮೊಮ್ಮಗನಿಗೆ ಓದ್ಲಿಕ್ಕೆ ಬರುದಿಲ್ಲ. 1956 ನವೆಂಬರ್ 1ಕ್ಕೆ ಕೇರಳಕ್ಕೆ ಹಾಕಿದ್ರು, 1967ರಲ್ಲಿ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿದ್ರೂ ಯಾರೂ ಕೇಳ್ಲಿಲ್ಲ, ಈಗ ಅನುಭವಿಸಿ.

ತೋಟದಮನೆ:
ಸ್ವಾಮಿ ಆ ಹುಡುಗ ಓದಿದ್ದು ಮಂಗಳೂರಲ್ಲಿ, ಹಾಸ್ಟೆಲಲ್ಲಿದ್ದು, ಇಂಗ್ಲಿಷ್ ಮೀಡಿಯಂ. ಇಲ್ಲೇ ನಮ್ಮ ಎಯುಪಿ (ಅನುದಾನಿತ ಹಿರಿಯ ಪ್ರಾಥಮಿಕ) ಶಾಲೆಗೆ ಹೋಗಿದ್ರೆ ಚೆಂದ ಕನ್ನಡ ಬರ್ತಿತ್ತು. ಇದ್ರಲ್ಲಿ ಕೇರಳದ್ದು ಎಂತ ತಪ್ಪು ಅಂತ ನೀವೇ ಹೇಳಿ.

ಬೆಂಗ್ಳೂರು ಸೇರಿದವ:
ಸರಿ ಬಿಡಿ. ನನ್ನ ಮಗಳಿಗೂ ಬರುದಿಲ್ಲ.

ನಿವೃತ್ತ ಮಾಷ್ಟ್ರು:
ಧಣಿಗಳು ಶಾಲೆಗೆ ಹೋಗ್ತಿದ್ದಾಗ ಊರು ಮದ್ರಾಸ್ ರಾಜ್ಯದಲ್ಲಿತ್ತು. "ನಾನು ಕೂತ ಜಾಗದಿಂದ ಏಳದೆ ಮದ್ರಾಸಿಂದ ಕೇರಳಕ್ಕೆ ಬಂದವ" ಅಂತ ತಮಾಷೆ ಮಾಡ್ತಿದ್ರು. ನೋಟೀಸು ಮಲಯಾಳದಲ್ಲಿ ಬಂದ್ರೆ ನನ್ನ ಹತ್ರ ತರ್ತಿದ್ರು, ನಾನು ಓದಿ ಹೇಳಿದ ಮೇಲೆ ಅದ್ರ ಬೆನ್ನಿಗೆ ಕನ್ನಡದಲ್ಲಿ ಎರಡು ಗೆರೆ ಬರೆದು ಮೊಳೆಗೆ ಚುಚ್ಚಿ ಇಡುದು.

ಅವರು ವ್ಯಾಪಾರಕ್ಕೆ ಕೂತದ್ದು ಬಹಳ ಕೆಟ್ಟ ಕಾಲದಲ್ಲಿ. 70ರ ನಂತರ ಅಡಿಕೆ ಧಾರಣೆ ಬಿದ್ದದ್ದು ಈಗಿನವರಿಗೆ ಗೊತ್ತಿಲ್ಲ, ಸುಲಿದ ಕೂಲಿ ಹುಟ್ಟುದಿಲ್ಲ ಅಂತ ಗೋಟು ಅಡಿಕೆ ಅಟ್ಟದಲ್ಲೇ ಬಿಟ್ಟವರಿದ್ರು. ಆಗಲೇ ವಾರಣಾಶಿ ಸುಬ್ರಾಯ ಭಟ್ಟರು ಓಡಾಡಿ 1973ರಲ್ಲಿ ಕ್ಯಾಂಪ್ಕೊ ಅಂತ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಆದದ್ದು, ಕರ್ನಾಟಕ ಕೇರಳ ಎರಡೂ ಸೇರಿ. ಖಾಸಗಿ ವ್ಯಾಪಾರಿಗಳು ಕೆಲವರು ಇನ್ನು ನಮ್ಮ ಗಂಟು ಮುಳುಗಿತು ಅಂತ ಹೇಳ್ತಾ ಇದ್ರು, ಧಣಿಗಳೂ ಹೇಳಿದ್ದು ನಾನು ಕೇಳಿದ್ದೇನೆ. ಆದ್ರೆ ಅವರ ತೋಟದ್ದೇ ಅಡಿಕೆ ಉಂಟಲ್ಲ, ಅದನ್ನು ಕ್ಯಾಂಪ್ಕೊಗೇ ಹಾಕ್ತಿದ್ರು. ಯಾಕೆ ಅಂತ ಕೇಳಿದ್ದಕ್ಕೆ "ನನ್ನ ಅಂಗಡಿಯಲ್ಲಿ ನಾನು ಚರ್ಚೆ ಮಾಡುದು ಯಾರ ಹತ್ರ ಮಾಷ್ಟ್ರೆ" ಅಂದ್ರು.

ಕೋಕ ಕರಿಗೋಟು:
ಮಾಷ್ಟ್ರು ಒಳ್ಳೆ ವಿಷಯ ತೆಗೆದ್ರಿ. ತನ್ನ ಅಡಿಕೆ ಸೊಸೈಟಿಗೆ, ನಮ್ಮದು ತನ್ನ ಗೋಡೌನಿಗೆ. ಸತ್ತವರ ಬಗ್ಗೆ ಹೇಳ್ಬಾರ್ದು, ಆದ್ರೂ ಎಲ್ಲ ಒಂದೇ ಸಮ ಹೊಗಳುದು ನೋಡಿ ತಡೆಯುದಿಲ್ಲ, ಹೇಳ್ತೇನೆ.

ನಮಗೆ ಇದ್ದದ್ದು ಒಂದೂವರೆ ಎಕರೆ. ಮೇ ಕೊನೆಯ ಪತ್ತನಾಜೆ ಹತ್ರ ಬರುವಾಗ ಅಪ್ಪ ಅವರ ಅಂಗಡಿಗೆ ಹೋಗುದು, ಮೈಲುತುತ್ತು ಸುಣ್ಣ ಕಡ ತರ್ಲಿಕ್ಕೆ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮೊದಲು ಒಂದು ಸಲ, ನಲ್ವತ್ತು ನಲ್ವತ್ತೈದು ದಿನ ಬಿಟ್ಟು ಇನ್ನೊಂದು ಸಲ, ಬಿಡದೆ ಹೊಯ್ದ ವರ್ಷ ಮೂರನೇದೂ ಬೇಕು. ಮದ್ದು ಬಿಡದಿದ್ರೆ ಕೊಳೆರೋಗ, ಎಳೆಕಾಯಿ ಎಲ್ಲ ಬುಡಕ್ಕೆ. ಹಾಗಾಗಿ ಕಡ ಬೇಡ ಅಂತ ಹೇಳ್ಲಿಕ್ಕೆ ನಮಗೆ ದಮ್ಮು ಎಲ್ಲಿಂದ. ಕಡ ಮಾಡಿದ ಮೇಲೆ ಅಡಿಕೆ ಬೇರೆ ಕಡೆ ಕೊಡ್ಲಿಕ್ಕೆ ಮುಖ ಉಂಟಾ, ಇಲ್ಲ. ಅವರು ಹೇಳಿದ್ದೇ ರೇಟು, ಪೇಪರಿನ ಧಾರಣೆಗಿಂತ ನಾಲ್ಕೈದು ರೂಪಾಯಿ ಕಮ್ಮಿ. ಬಡ್ಡಿ ತೆಗೊಳ್ಳುದಿಲ್ಲ ಅಂತ ಎಲ್ಲರೂ ಹೇಳ್ತಾರೆ, ಆ ನಾಲ್ಕೈದು ರೂಪಾಯಿ ಮತ್ತೆ ಎಂತದ್ದು?

ಒಂದು ವರ್ಷ ಏಳು ಗೋಣಿ ಕೊಂಡೋದ್ದರಲ್ಲಿ ಎರಡು ಗೋಣಿ ಪಟೋರ, ಅಂದ್ರೆ ಕಮ್ಮಿ ದರ್ಜೆಯ ಅಡಿಕೆ, ಅಂತ ಬದಿಗೆ ಹಾಕಿದ್ರು. ನಾನು ಅಪ್ಪನ ಒಟ್ಟಿಗೆ ಇದ್ದೆ, ಹತ್ತನೇ ಕ್ಲಾಸು. ಆ ಎರಡು ಗೋಣಿ ನಾನೇ ಅಂಗಳದಲ್ಲಿ ಒಣಗಿಸಿದ್ದು, ದಿನಾ ಮಗುಚಿ ಹಾಕಿ, ಮೋಡ ಕಂಡ್ರೆ ಓಡಿ ಬಂದು ಟರ್ಪಾಲ್ ಮುಚ್ಚಿ. ಪಟೋರ ಅಲ್ಲ ಅದು. ಅಪ್ಪ ಒಂದು ಮಾತು ಆಡ್ಲಿಲ್ಲ. ದಾರಿಯುದ್ದಕ್ಕೂ ಆಡ್ಲಿಲ್ಲ.

ಪೆರ್ಲದ ಸೊಸೆ:
ನಮ್ಮಮ್ಮ ಅವರ ಗೋಡೌನಲ್ಲಿ ಅಡಿಕೆ ಸುಲಿಯುವ ಕೆಲ್ಸಕ್ಕೆ ಹೋಗ್ತಿದ್ರು. ಕಿಲೋ ಲೆಕ್ಕದಲ್ಲಿ ಕೂಲಿ. ಹೆಂಗಸರು ಸಾಲಾಗಿ ಕತ್ತಿ ಮೆಟ್ಟಿ ಕೂರುದು, ನಾನು ಶಾಲೆ ಬಿಟ್ಟು ಅಲ್ಲಿಗೇ ಹೋಗುದು, ಸಿಪ್ಪೆ ರಾಶಿ ಮೇಲೆ ಕೂತು ಹೋಮ್‌ವರ್ಕ್. ರೇಟಿನ ವಿಷಯ ನಂಗೆ ಗೊತ್ತಿಲ್ಲ, ತೂಕದ ವಿಷಯ ಗೊತ್ತುಂಟು. ಸುಲಿದದ್ದು ತೂಕಕ್ಕೆ ಇಡುವಾಗ ಧಣಿಗಳು ಎರಡು ಹೆಜ್ಜೆ ಹಿಂದೆ ಹೋಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ತಿದ್ರು. ಮುಳ್ಳು ನಿಂತ ಮೇಲೆ ಅಮ್ಮನ ಹತ್ರವೇ ಓದಿಸುದು. ಅಮ್ಮನಿಗೆ ಅಕ್ಷರ ಗೊತ್ತಿಲ್ಲ, ತೂಕದ ಮುಳ್ಳು ನೋಡಿ ನೋಡಿ ಅಂಕೆ ಕಲ್ತದ್ದು.

ಮತ್ತೆ ಹಲ್ಲಿನ ಕತೆ ಯಾರಿಗಾದ್ರೂ ನೆನಪುಂಟಾ? ಅಡಿಕೆ ನೋಡ್ಲಿಕ್ಕೆ ಮೊದಲು ಒಂದು ಹಿಡಿ ತೆಗೊಂಡು ಕಿವಿ ಹತ್ರ ಕುಲುಕಿಸುದು, ಮತ್ತೆ ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ಒಳಗಿನ ಬಿಳಿ ಕಂದು ಗೆರೆ ನೋಡುದು, ಮತ್ತೆ ಜಗಿದು ನೋಡುದು. ಹಲ್ಲೆಲ್ಲ ಹೋದ ಮೇಲೆ ಜಗಿಯುದು ಹೇಗೆ? ಗೋಡೌನಿನ ಹುಡುಗನನ್ನು ಕರೆದು ಹೋಳು ಅವನ ಬಾಯಿಗೆ ಹಾಕಿ ಅವನ ಮುಖ ನೋಡ್ತಾ ಕೂರುದು. ಅವ ಹೇಳುವ ಮೊದಲೇ ರೇಟು ಹೇಳಿ ಆಗಿರ್ತಿತ್ತು.

ಅಡ್ಕಸ್ಥಳ ಬಸ್ಸು:
ಹ್ಹಹ್ಹ ಹೌದು ಹೌದು. ಆ ಹುಡುಗನಿಗೆ ಸಂಜೆ ಆಗುವಾಗ ತಲೆ ತಿರುಗುದು.

ಉಪ್ಪಳದ ಇಚ್ಚ:
ನಾನು ದುಬೈಗೆ ಹೋಗಿ ಮೂವತ್ತು ವರ್ಷ ಮೇಲಾಯ್ತು, ವೀಸಾದ ದುಡ್ಡಿಗೆ ಬಾಪ ಅವರ ಅಂಗಡಿಗೆ ಹೋದದ್ದು. ನಮ್ಮದು ತೋಟ ಇಲ್ಲ, ಅಡಿಕೆ ಇಲ್ಲ, ಬಾಪ ಮೀನು ಮಾರುವವರು, ಕಡ ಕೊಟ್ರೆ ಅವರಿಗೆ ತಿರುಗಿ ಬರುವ ಲಾಭ ಎಂತದ್ದು ಇಲ್ಲ. ಕೊಟ್ರು. ಪುಸ್ತಕದಲ್ಲಿ ಬರೆದು ಬಾಪನ ಹೆಬ್ಬೆಟ್ಟು ಕೂಡ ತೆಗೊಳ್ಲಿಲ್ಲ. ಎರಡು ವರ್ಷ ಕಳೆದು ರಜೆಗೆ ಬಂದಾಗ ಪೂರ್ತಿ ಕೊಟ್ಟೆ, ಬಡ್ಡಿ ಎಷ್ಟು ಅಂದೆ. "ಮುಂದಿನ ಸಲ ಬರುವಾಗ ಒಂದು ಟಾರ್ಚ್ ತಾ, ಉದ್ದದ್ದು" ಅಂದ್ರು. ಮೂರು ಸೆಲ್ಲಿಂದು ತಂದು ಕೊಟ್ಟೆ. ಕಳೆದ ಸಲ ಊರಿಗೆ ಹೋದಾಗಲೂ ಆ ಟಾರ್ಚು ಗಲ್ಲಾಪೆಟ್ಟಿಗೆ ಮೇಲಿತ್ತು, ಉರಿಯುದಿಲ್ಲ, ಪೇಪರ್ ಹಾರದ ಹಾಗೆ ಇಟ್ಟದ್ದು.

ಕೋಕ ಕರಿಗೋಟು ಅವರು ಹೇಳಿದ್ದು ಸುಳ್ಳು ಅಂತ ನಾನು ಹೇಳುದಿಲ್ಲ. ಅದು ಅವರದ್ದು, ಇದು ನಂದು.

ಲೆಕ್ಕಪತ್ರ:
ನಾನು ಜಿಎಸ್‌ಟಿ ಬಂದ ಮೇಲೆ ಅವರ ಫೈಲ್ ನೋಡ್ತಿದ್ದವ, ಆದ್ರಿಂದ ಜಾಸ್ತಿ ಹೇಳುದು ಸರಿ ಅಲ್ಲ. ಇಷ್ಟು ಹೇಳಬಹುದು. 2017 ಜುಲೈಯಿಂದ ಅಡಿಕೆಗೆ 5 ಪರ್ಸೆಂಟ್, ಬಿಲ್ಲು ಕಂಪ್ಯೂಟರಲ್ಲಿ. ಆ ಕೆಂಪು ಪುಸ್ತಕ ನಿಲ್ಲಿಸಿ ಅಂತ ಹತ್ತು ಸಲ ಹೇಳಿದ್ದೆ, ಕೇಳ್ಲಿಲ್ಲ.

ಕಾನೂನು ಗೊತ್ತಿಲ್ಲದೆ ಯಾರೂ ಹೆದರ್ಬೇಡಿ ಅಂತ ಹೇಳ್ತೇನೆ. ಕೈಕಡದ ಬಾಕಿ ಮೂರು ವರ್ಷ ದಾಟಿದ್ರೆ, ಮಧ್ಯದಲ್ಲಿ ನೀವು ಸ್ವಲ್ಪ ಕಟ್ಟಿದ್ದೋ ಬರೆದು ಒಪ್ಪಿದ್ದೋ ಇಲ್ಲದಿದ್ರೆ, ಕೋರ್ಟಲ್ಲಿ ನಿಲ್ಲುದಿಲ್ಲ. ಮತ್ತೆ ಅಂಗಡಿ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಕ್ಷಿಯಾಗಿ ಸಾಕಾಗುದಿಲ್ಲ, ಜೊತೆಗೆ ಬೇರೆ ಎಂತಾದ್ರೂ ಬೇಕು. ಹಾಗಾಗಿ ಹನ್ನೊಂದರಲ್ಲಿ ಒಂಬತ್ತು ಪುಸ್ತಕ ಬರೀ ಕಾಗದ.

ಕೋಕ ಕರಿಗೋಟು:
ಮತ್ತೆ ಯಾಕೆ ಓದಿಸುದು? ಕೋರ್ಟಲ್ಲಿ ನಿಲ್ಲದಿದ್ರೂ ಮರ್ಯಾದೆಯಲ್ಲಿ ನಿಲ್ತದೆ ಅಂತಲಾ. ಊರೆದುರು ಸಾಲ ಓದಿದ್ರೆ ಯಾರು ಕೊಡದೆ ಬರ್ತಾರೆ. ಹುಡುಗ ಬುದ್ಧಿವಂತ.

ತೋಟದಮನೆ:
ಇಲ್ಲ ಇಲ್ಲ, ನಾನು ಮೊದಲು ಸಮ ಬರೀಲಿಲ್ಲ, ತಪ್ಪು ನಂದು. ಇವತ್ತು ಪುನಃ ಹೋಗಿ ಕೇಳಿದೆ. ಪುಸ್ತಕ ಎರಡು ಕಡೆಯಿಂದ ತೆರೀತದೆ. ಎದುರಿಂದ ತೆರೆದ್ರೆ ಜನ ಕೊಡ್ಲಿಕ್ಕಿರುದು. ಉಲ್ಟಾ ಮಾಡಿ ಹಿಂದಿಂದ ತೆರೆದ್ರೆ ಧಣಿಗಳು ಕೊಡ್ಲಿಕ್ಕಿರುದು, ಅಂದ್ರೆ ಜನ ಇಟ್ಟು ಹೋದ ಅಡಿಕೆ. ಹುಡುಗನಿಗೆ ಬೇಕಾದ್ದು ಹಿಂದಿನ ಭಾಗ. ಗೋಡೌನಲ್ಲಿ ಗೋಣಿ ಉಂಟು, ಯಾರದ್ದು ಅಂತ ಗೊತ್ತಿಲ್ಲ.

ಗೊತ್ತಿಲ್ಲದವರಿಗೆ: ನಮ್ಮಲ್ಲಿ ಅಡಿಕೆ ಕೊಟ್ಟ ದಿನವೇ ರೇಟು ಮಾಡ್ಬೇಕು ಅಂತ ಇಲ್ಲ. ತೂಕ ಮಾಡಿ ವ್ಯಾಪಾರಿ ಹತ್ರ ಇಟ್ಟು ಬರುದು, ಧಾರಣೆ ಏರಿದ ದಿನ ಹೋಗಿ "ಇವತ್ತು ಕಡಿಯುವ" ಅಂದ್ರೆ ಆ ದಿನದ ರೇಟು. ನಂಬಿಕೆ ಮೇಲೆ ನಡೆಯುದು. ವ್ಯಾಪಾರಿ ಆ ಅಡಿಕೆ ಅಷ್ಟೊತ್ತಿಗೆ ಮಾರಿ ಆ ದುಡ್ಡು ತಿರುಗಿಸ್ತಾ ಇರ್ತಾನೆ, ಅದೂ ಎಲ್ಲರಿಗೂ ಗೊತ್ತು. ಧಾರಣೆ ಒಮ್ಮೆಲೇ ಹಾರಿದ್ರೆ ವ್ಯಾಪಾರಿಗೆ ಕುತ್ತಿಗೆಗೆ. ಹಾಗೆ ಪಾಪರ್ ಆಗಿ ರಾತ್ರಿ ಬೆಳಗಾಗುದರೊಳಗೆ ಮಾಯ ಆದವರು, ಅವರೊಟ್ಟಿಗೆ ಒಂದು ವರ್ಷದ ಫಸಲು ಮಾಯ ಆದದ್ದು, ಗಡಿ ಈಚೆ ಆಚೆ ಎರಡೂ ಕಡೆ ಆಗಿದೆ. 2021ರಲ್ಲಿ ಹಳೆ ಅಡಿಕೆ ಕಿಲೋಕ್ಕೆ 500 ದಾಟಿದಾಗ ನಾನೇ ಎರಡು ರಾತ್ರಿ ನಿದ್ದೆ ಮಾಡ್ಲಿಲ್ಲ, ನಂದು ನಾಲ್ಕು ಕ್ವಿಂಟಾಲ್ ಅವರಲ್ಲಿತ್ತು. ಮೂರನೇ ದಿನ ಹೋದೆ. ಶಟರ್ ತೆರೆದಿತ್ತು, ಕೂತಿದ್ರು, ಮುಖ ಸ್ವಲ್ಪ ಸಪ್ಪೆ. ಆ ದಿನದ ರೇಟೇ ಕೊಟ್ರು. ಕೊಡುವಾಗ ಚಹಾಕ್ಕೆ ಹೇಳ್ಲಿಲ್ಲ ಅಷ್ಟೆ, ಬೇರೆ ದಿನ ಆದ್ರೆ ಹೇಳ್ತಿದ್ರು.

ನಿವೃತ್ತ ಮಾಷ್ಟ್ರು:
2020ರ ಮಾರ್ಚ್ ಏಪ್ರಿಲ್ ಕೂಡ ಹೇಳಿ. ತಲಪಾಡಿಯಲ್ಲಿ ಗಡಿ ಬಂದ್, ಒಳದಾರಿಗಳಿಗೆಲ್ಲ ಮಣ್ಣಿನ ರಾಶಿ. ಮಂಗಳೂರಿಗೆ ಹೋಗ್ಲಿಕ್ಕಾಗದೆ ರೋಗಿಗಳು ದಾರಿಯಲ್ಲೇ ತೀರಿಹೋದ ಕಾಲ ಅದು, ಹೈಕೋರ್ಟು ಸುಪ್ರೀಂ ಕೋರ್ಟುವರೆಗೆ ಹೋಯ್ತು. ಲಾರಿ ಇಲ್ಲ, ಉತ್ತರದ ಮಾರ್ಕೆಟ್ ಇಲ್ಲ, ಅಡಿಕೆ ತೆಗೊಳ್ಳುವವರೇ ಇಲ್ಲ. ಧಣಿಗಳು ಅಂಗಡಿಯ ಹಿಂದಿನ ಬಾಗಿಲು ಅರ್ಧ ತೆರೆದಿಟ್ಟು ಒಂದು ಮನೆಗೆ ಒಂದು ಗೋಣಿ ಲೆಕ್ಕದಲ್ಲಿ ತೆಗೊಂಡ್ರು, ದುಡ್ಡಿನ ಬದಲು ಅಕ್ಕಿ, ಎಣ್ಣೆ, ಬಿಪಿ ಶುಗರಿನ ಮಾತ್ರೆ.

ಕೋಕ ಕರಿಗೋಟು:
ಮತ್ತೆ ಮರುವರ್ಷ ಅದನ್ನೇ ಏರಿದ ರೇಟಿಗೆ ಮಾರಿದ್ರು. ಲಾಭ ಆಗ್ಲಿಲ್ಲವಾ?

ನಿವೃತ್ತ ಮಾಷ್ಟ್ರು:
ಆಯ್ತು. ಚೆನ್ನಾಗೇ ಆಯ್ತು. ಆ ದಿನ ನನಗೆ ಮಾತ್ರೆಯೂ ಸಿಕ್ಕಿತು. ಎರಡೂ ಒಂದೇ ಬಾಗಿಲಲ್ಲಿ ಆದದ್ದು ಮಾರಾಯ, ನಾನೆಂತ ಮಾಡ್ಲಿ.

ಪೆರ್ಲದ ಸೊಸೆ:
ಯಕ್ಷಗಾನ ಆಟದ ವಿಷಯ ಯಾರೂ ಹೇಳ್ಲಿಲ್ಲ. ವರ್ಷಕ್ಕೊಂದು ಸೇವೆಯಾಟ ಅವರದ್ದು, ಅಂಗಡಿ ಹಿಂದಿನ ಗದ್ದೆಯಲ್ಲಿ, ದೇವಿಮಹಾತ್ಮೆಯೇ ಆಗ್ಬೇಕು. ಎದುರಿನ ಕುರ್ಚಿಯಲ್ಲಿ ಹನ್ನೊಂದು ಗಂಟೆಗೆ ಗೊರಕೆ. ಮಹಿಷಾಸುರ ದೊಂದಿ ಹಿಡಿದು ಜನರ ಮಧ್ಯದಿಂದ ಬರುವಾಗ ಮಾತ್ರ ಯಾರೂ ಎಬ್ಬಿಸದೆ ಏಳುದು, ಮಕ್ಕಳ ಹಾಗೆ ನಿಂತು ನೋಡುದು, ಪುನಃ ನಿದ್ದೆ.

ಅಡ್ಕಸ್ಥಳ ಬಸ್ಸು:
ಚುಮಟ್ಟುಕಾರರ (ಹೊರೆ ಹೊರುವವರ) ವಿಷಯ ಒಂದು ಹೇಳ್ತೇನೆ. 2018 ಮೇ 1ಕ್ಕೆ ಕೇರಳ ಸರ್ಕಾರ ನೋಕ್ಕುಕೂಲಿ ನಿಲ್ಲಿಸಿತು, ಅಂದ್ರೆ ಹೊರದೆ ನೋಡಿ ನಿಂತದ್ದಕ್ಕೆ ಕೂಲಿ. ಅದ್ರ ಮೊದಲು ಧಣಿಗಳಿಗೂ ಅವರಿಗೂ ದಿನಾ ಜಗಳ. ನಿಂತ ಮೇಲೆ ಧಣಿಗಳಿಗೇ ಬೇಜಾರು, ಜಗಳಕ್ಕೆ ಜನ ಇಲ್ಲ ಅಂತ. ಮೊನ್ನೆ ಹೆಣ ಎತ್ತಿ ಮನೆ ಒಳಗೆ ತಂದದ್ದು ಅವರೇ ನಾಲ್ಕು ಜನ, ನೀಲಿ ಅಂಗಿಯಲ್ಲೇ. ಪೇಟೆಯಲ್ಲಿ ಮಧ್ಯಾಹ್ನವರೆಗೆ ಎಲ್ಲ ಶಟರ್ ಇಳಿದಿತ್ತು, ಕಾಂಪಿಟೇಷನ್ ಅಂಗಡಿಯದ್ದೂ.

ತೋಟದಮನೆ:
ಬೊಜ್ಜ ಕಳೀತು. ನಿನ್ನೆಯಿಂದ ಪುಸ್ತಕ ತೆರೆದಿದ್ದಾರೆ. ನಾನೂ ಮಾಷ್ಟ್ರೂ ಬೆಳಿಗ್ಗೆ ಕೂತಿದ್ದೆವು. ಅಕ್ಷರ ಓದಬಹುದು, ಗುರುತು ಅರ್ಥ ಆಗ್ಬೇಕಲ್ಲ. ಮೈತು ಅಂದ್ರೆ ಮೈಲುತುತ್ತು, ಹೊಅ ಅಂದ್ರೆ ಹೊಸ ಅಡಿಕೆ, ಇದೆಲ್ಲ ಸುಲಭ. "ಪ" ಅಂತ ಒಂದು ಬರ್ತದೆ, ಪಟೋರವೋ ಪಾವತಿಯೋ ಅಂತ ಒಂದು ಗಂಟೆ ಚರ್ಚೆ ಆಯ್ತು. ಕೊನೆಗೆ ಮಾಷ್ಟ್ರು ಹತ್ತು ಪುಟ ಹೋಲಿಸಿ, ದೀರ್ಘ ಇದ್ರೆ ಪಾವತಿ, ಇಲ್ಲದಿದ್ರೆ ಪಟೋರ ಅಂತ ತೀರ್ಮಾನ ಮಾಡಿದ್ರು. ಹಿಂದಿನ ಭಾಗದಲ್ಲಿ ಇಪ್ಪತ್ತಮೂರು ಜನರ ಅಡಿಕೆ ಸಿಕ್ಕಿತು, ಅದ್ರಲ್ಲಿ ಇಬ್ಬರು ತೀರಿಹೋಗಿದ್ದಾರೆ, ಮಕ್ಕಳಿಗೆ ಫೋನ್ ಮಾಡಿ ಆಯ್ತು. ಒಬ್ಬರ ಮಗನಿಗೆ ಅಪ್ಪ ಅಡಿಕೆ ಇಟ್ಟದ್ದೇ ಗೊತ್ತಿರ್ಲಿಲ್ಲ.

ಉಪ್ಪಳದ ಇಚ್ಚ:
ನಮ್ಮ ಬಾಪನ ಪುಟ ಸಿಕ್ಕಿದ್ರೆ ಒಂದು ಫೋಟೋ ತೆಗೆದು ಕಳಿಸ್ತೀರಾ.

ತೋಟದಮನೆ:
ಸಿಕ್ಕಿತು. "ದುಬಾಯಿ" ಅಂತ ಬರೆದಿದ್ದಾರೆ, ಕೆಳಗೆ ಗೆರೆ ಹೊಡೆದು "ಟಾರ್ಚ್ ಬಂತು". ಕಳಿಸಿದ್ದೇನೆ ನೋಡಿ.

ಕೋಕ ಕರಿಗೋಟು:
ನಾನು ಇವತ್ತು ಹೋಗಿದ್ದೆ. ಹೋಗುದಿಲ್ಲ ಅಂತ ಇದ್ದೆ, ಬದಿಯಡ್ಕಕ್ಕೆ ಬೇರೆ ಕೆಲ್ಸ ಇತ್ತು, ಬರುವಾಗ ಬೈಕು ಅಲ್ಲಿ ನಿಲ್ಲಿಸಿದೆ. ಅಪ್ಪನ ಪುಟ ಆರನೇ ಪುಸ್ತಕದಲ್ಲಿ. ಏಳು ಗೋಣಿ, ಅದ್ರಲ್ಲಿ ಪ ೨. ದೀರ್ಘ ಇಲ್ಲ. ನಾನು ಪುಸ್ತಕ ಬೆಳಕಿಗೆ ಹಿಡಿದು ನೋಡಿದೆ, ಇಲ್ಲವೇ ಇಲ್ಲ, ಪಟೋರವೇ. ಅದು ಪಟೋರ ಆಗಿರ್ಲಿಲ್ಲ ಅಂತ ಇವತ್ತಿಗೂ ಹೇಳ್ತೇನೆ, ಹುಡುಗನಿಗೂ ಹೇಳಿದೆ. ಅವ "ಇರಬಹುದು" ಅಂದ, ಅಜ್ಜನ ಪರ ವಾದ ಮಾಡ್ಲಿಲ್ಲ.

ಅದೇ ಪುಟದ ಕೆಳಗೆ ಮೈತು ಬಾಕಿ ೩೪೦. ಅಪ್ಪ ಕಾಲು ಮುರಿದು ಮಲಗಿದ ವರ್ಷದ್ದು, ಮತ್ತೆ ನಾವು ತೋಟ ಮಾರಿದೆವು, ಆ ಕಡೆ ಹೋಗ್ಲಿಲ್ಲ. ಕೇಳಿಯೂ ಕಳಿಸ್ಲಿಲ್ಲ ಅವರು. ಹುಡುಗ ಬೇಡ ಬೇಡ ಅಂದ, ಲೆಕ್ಕಪತ್ರದವರು ಹೇಳಿದ ಮೂರು ವರ್ಷದ ಕಾನೂನೆಲ್ಲ ಅವನೇ ನನಗೆ ಹೇಳಿದ. ನಾನು ಕೇಳ್ಲಿಲ್ಲ, ಗೂಗಲ್ ಪೇ ಮಾಡಿದೆ. ಮೇಜಿನ ಮೇಲಿನ ಡಬ್ಬ "ಮುನ್ನೂಟ್ಟಿ ನಾಲ್ಪದ್ ರೂಪ" ಅಂತ ಮಲಯಾಳದಲ್ಲಿ ಬೊಬ್ಬೆ ಹಾಕಿತು, ಇಡೀ ಅಂಗಡಿ ತಿರುಗಿ ನೋಡಿತು.

ಚುಕ್ತಾ ಅಂತ ಬರಿ ಅಂದೆ. ಅವನಿಗೆ ಬರೀಲಿಕ್ಕೆ ಬರುದಿಲ್ಲ. ಪೆನ್ನು ತೆಗೊಂಡು ನಾನೇ ಬರೆದು ಬಂದೆ.

ಪೆರ್ಲದ ಸೊಸೆ:
ನಾಳೆ ಅಮ್ಮನನ್ನು ಕರ್ಕೊಂಡು ಬರ್ಬೇಕು ಅಂತಿದ್ದೇನೆ. ಎಷ್ಟು ಗಂಟೆಗೆ ತೆರೀತಾರೆ?

ತೋಟದಮನೆ:
ಹತ್ತಕ್ಕೆ. ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ಬಂದ್, ಧಣಿಗಳ ಟೈಮೇ ಇಟ್ಟಿದ್ದಾನೆ. ಅಮ್ಮನಿಗೆ ಮೆಟ್ಟಿಲು ಹತ್ಲಿಕ್ಕೆ ಕಷ್ಟ ಆದ್ರೆ ಗೋಡೌನಿನ ಬದಿಯಿಂದ ಬನ್ನಿ.